ರೋಗ ಹರಡುವ ದಾರಿ ಮಕ್ಕಳಿಗೆ ತಿಳಿದಿರಲಿ



ಜೂನ್ ತಿಂಗಳಲ್ಲಿ ಶಾಲೆ ತೆರೆದು, ಮಳೆ ಹಿಡಿದು, ತರಗತಿಯ ಕಿಟಕಿಗಳು ಮುಚ್ಚಿದವೆಂದರೆ ಶೀತ ಜ್ವರಗಳ ಕಾಲ ಆರಂಭವಾಯಿತೆಂದೇ ಅರ್ಥ. ಚಳಿಗಾಲ ಕಳೆದು ಬಿಸಿಲೇರುವ ಹೊತ್ತಿಗೆ ಸೀತಾಳೆ ಸಿಡುಬು, ಮಂಗನಬಾವುಗಳ ಸರದಿ. ಒಂದು ಮಗುವಿಗೆ ಬಂದ ರೋಗ ಕೆಲವೇ ವಾರಗಳಲ್ಲಿ ಅರ್ಧ ಬೆಂಚನ್ನು ಖಾಲಿ ಮಾಡುತ್ತದೆ. ಆಗ ನಮ್ಮ ಮನೆಗಳಲ್ಲಿ ಕೇಳಿಬರುವ ಮಾತು ಎರಡು. ಒಂದು, "ಅವನ ಹತ್ತಿರ ಹೋಗಬೇಡ, ನಿನಗೂ ಅಂಟೀತು." ಇನ್ನೊಂದು, ನಮ್ಮ ಮಗುವಿಗೇ ಜ್ವರ ಬಂದಾಗ, "ಇವತ್ತು ಪರೀಕ್ಷೆ ಇದೆ, ಮಾತ್ರೆ ನುಂಗಿ ಹೋಗು, ಯಾರಿಗೂ ಹೇಳಬೇಡ."

ಮೊದಲನೆಯ ಮಾತಿನಿಂದ ಮಗು ಭಯಪಡುವುದನ್ನು ಕಲಿಯುತ್ತದೆ. ಎರಡನೆಯದರಿಂದ ಬಚ್ಚಿಡುವುದನ್ನು ಕಲಿಯುತ್ತದೆ. ರೋಗ ಹೇಗೆ ಹರಡುತ್ತದೆ ಎಂಬುದನ್ನು ಮಾತ್ರ ಕಲಿಯುವುದಿಲ್ಲ. ಅದನ್ನು ಕಲಿತ ಮಗು ತನ್ನನ್ನೂ ಕಾಪಾಡಿಕೊಳ್ಳುತ್ತದೆ, ಗೆಳೆಯನನ್ನೂ ದೂಷಿಸುವುದಿಲ್ಲ. ಎಂಟರಿಂದ ಹದಿಮೂರು ವರ್ಷದ ಮಕ್ಕಳಿಗೆ ಮನೆಯಲ್ಲಾಗಲಿ ತರಗತಿಯಲ್ಲಾಗಲಿ ಈ ಪಾಠ ಹೇಳಿಕೊಡಲು ಅರ್ಧ ಗಂಟೆ ಸಾಕು. ಹೇಗೆಂದು ನೋಡೋಣ.

1. ವೈರಾಣು ಎಂದರೇನು?

"ಕ್ರಿಮಿ" ಎಂದೊಡನೆ ಮಕ್ಕಳು ಹುಳುವನ್ನು ಕಲ್ಪಿಸಿಕೊಳ್ಳುತ್ತಾರೆ. ಆದ್ದರಿಂದ ಇಲ್ಲಿಂದಲೇ ಆರಂಭಿಸಿ. ಶಾಲೆಯ ಸೂಕ್ಷ್ಮದರ್ಶಕದಲ್ಲಿ ಬ್ಯಾಕ್ಟೀರಿಯಾಗಳನ್ನು ನೋಡಬಹುದು. ವೈರಾಣು ಅದಕ್ಕಿಂತಲೂ ಬಹಳ ಚಿಕ್ಕದು. ಸಾಮಾನ್ಯವಾಗಿ ಅದನ್ನು ಕಾಣಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. ಅದು ತಾನಾಗಿ ಉಣ್ಣುವುದಿಲ್ಲ, ಬೆಳೆಯುವುದಿಲ್ಲ. ನಮ್ಮ ದೇಹದ ಜೀವಕೋಶದೊಳಗೆ ನುಗ್ಗಿ, ಆ ಕೋಶದಿಂದಲೇ ತನ್ನಂಥ ಸಾವಿರಾರು ಪ್ರತಿಗಳನ್ನು ಮಾಡಿಸಿಕೊಳ್ಳುತ್ತದೆ. ಕರೆಯದೆ ಬಂದ ಅತಿಥಿ ನಮ್ಮ ಅಡುಗೆಮನೆಗೆ ಹೊಕ್ಕು, ನಮ್ಮ ಅಕ್ಕಿಯಿಂದಲೇ ತನ್ನ ಬಳಗಕ್ಕೆಲ್ಲ ಅನ್ನ ಬೇಯಿಸಿಕೊಂಡ ಹಾಗೆ.

ಇಲ್ಲಿ ದೊಡ್ಡವರೂ ತಿಳಿಯಬೇಕಾದ ಮಾತೊಂದಿದೆ. ಆಂಟಿಬಯೋಟಿಕ್ ಮಾತ್ರೆಗಳು ಬ್ಯಾಕ್ಟೀರಿಯಾಗಳ ಮೇಲೆ ಕೆಲಸ ಮಾಡುತ್ತವೆಯೇ ಹೊರತು ವೈರಾಣುಗಳ ಮೇಲಲ್ಲ. ಕಳೆದ ಬಾರಿ ಉಳಿದ ಮಾತ್ರೆಯನ್ನು ಈ ಬಾರಿಯ ಶೀತಕ್ಕೆ ಕೊಡುವುದು ವ್ಯರ್ಥ, ಅಪಾಯವೂ ಹೌದು.

2. ಹರಡುವ ದಾರಿಗಳು

ಒಂದು ಚಿಕ್ಕ ಪ್ರಯೋಗ ಮಾಡಿ. ಬಣ್ಣದ ಚಾಕ್‌ಪೀಸಿನ ಪುಡಿಯನ್ನು ಒಬ್ಬ ಹುಡುಗನ ಅಂಗೈಗೆ ಹಚ್ಚಿ. ಅವನು ಒಬ್ಬಳ ಕೈ ಕುಲುಕಲಿ, ಅವಳು ಇನ್ನೊಬ್ಬನ ಪೆನ್ಸಿಲ್ ಎತ್ತಿಕೊಡಲಿ, ಅವನು ಬಾಗಿಲು ತೆರೆಯಲಿ. ಐದು ನಿಮಿಷ ಬಿಟ್ಟು ಎಲ್ಲರ ಕೈಗಳನ್ನು, ಬಾಗಿಲ ಚಿಲಕವನ್ನು ನೋಡಿ. ಕೆಲವರ ಮೂಗಿನ ಮೇಲೂ ಬಣ್ಣ ಕಾಣುತ್ತದೆ! ಮಕ್ಕಳು ನಗುತ್ತಾರೆ, ಪಾಠವೂ ಮನಸ್ಸಿಗೆ ಇಳಿಯುತ್ತದೆ. ಬಳಿಕ ಒಬ್ಬರು ಬರೀ ನೀರಿನಲ್ಲಿ, ಇನ್ನೊಬ್ಬರು ಸಾಬೂನು ಹಚ್ಚಿ ಇಪ್ಪತ್ತು ಎಣಿಸುವವರೆಗೆ ಉಜ್ಜಿ ತೊಳೆಯಲಿ. ಯಾರ ಕೈ ಹೆಚ್ಚು ಶುಚಿಯಾಯಿತು ಎಂದು ಅವರೇ ಹೇಳಲಿ.

ಈಗ ಮುಖ್ಯ ದಾರಿಗಳನ್ನು ಹಲಗೆಯ ಮೇಲೆ ಬರೆಯಿರಿ:

ಗಾಳಿ: ಕೆಮ್ಮಿದಾಗ, ಸೀನಿದಾಗ, ಮಾತಾಡಿದಾಗ ಹೊರಬೀಳುವ ಹನಿಗಳು. ನೆಗಡಿ, ಫ್ಲೂ, ಕೊರೊನಾ, ದಡಾರ, ಸೀತಾಳೆ ಸಿಡುಬು, ಮಂಗನಬಾವು ಈ ದಾರಿಯಲ್ಲಿ ಬರುತ್ತವೆ.

ಕೈ: ಮುಟ್ಟಿದ ಕೈ ಕಣ್ಣು, ಮೂಗು, ಬಾಯಿಗೆ ಹೋದಾಗ. ನೆಗಡಿಯೂ 'ಮದ್ರಾಸ್ ಐ' ಎನ್ನುವ ಕಣ್ಣುಬೇನೆಯೂ ಹೀಗೆ ಹರಡುತ್ತವೆ.

ಗುಳ್ಳೆಯ ನೀರು: ಸೀತಾಳೆ ಸಿಡುಬಿನ ಗುಳ್ಳೆಯಲ್ಲಿ ವೈರಾಣು ಇರುತ್ತದೆ.

ನೀರು ಮತ್ತು ಆಹಾರ: ಮಲದ ಕಲ್ಮಶ ಸೇರಿದ ನೀರಿನಿಂದ ಹೆಪಟೈಟಿಸ್ 'ಎ' ಕಾಮಾಲೆ ಬರುತ್ತದೆ. ನೀರನ್ನು ಮಳಮಳನೆ ಕುದಿಸಿ ಆರಿಸಿ ಕುಡಿಯುವುದು, ಶೌಚದ ನಂತರ ಸಾಬೂನಿನಿಂದ ಕೈ ತೊಳೆಯುವುದು ಇದಕ್ಕೆ ತಡೆ.

ದಾರಿ ಗೊತ್ತಾದರೆ ತಡೆಯುವುದು ಹೇಗೆಂದು ಮಕ್ಕಳೇ ಹೇಳಬಲ್ಲರು. ಮೊಣಕೈ ಮಡಚಿ ಅದರೊಳಗೆ ಸೀನುವುದು, ಟವೆಲ್ ಬೇರೆಯಾಗಿಡುವುದು, ಕಿಟಕಿ ತೆರೆಯುವುದು ಇವೆಲ್ಲ ಅವರ ಬಾಯಿಂದಲೇ ಬರಲಿ.

3. ಸಾಮಾನ್ಯವಾದ ಕೆಲವು ರೋಗಗಳು

ದಡಾರ: ಜ್ವರ, ಕೆಮ್ಮು, ಕೆಂಪು ಕಣ್ಣು, ಮೂರು ನಾಲ್ಕು ದಿನಗಳಲ್ಲಿ ಮುಖದಿಂದ ಕೆಳಗಿಳಿಯುವ ಕೆಂಪು ದದ್ದು. ಹರಡುವುದರಲ್ಲಿ ಇದಕ್ಕೆ ಸರಿಸಾಟಿ ಬೇರೊಂದಿಲ್ಲ. ರೋಗಿ ಕೋಣೆಯಿಂದ ಎದ್ದು ಹೋದ ಮೇಲೂ ವೈರಾಣು ಎರಡು ಗಂಟೆಯವರೆಗೆ ಅಲ್ಲಿನ ಗಾಳಿಯಲ್ಲಿರಬಲ್ಲದು. ರಕ್ಷಣೆಯಿಲ್ಲದ ಹತ್ತು ಜನ ಹತ್ತಿರವಿದ್ದರೆ ಒಂಬತ್ತು ಜನರಿಗೆ ಅಂಟಬಹುದು. "ಮಕ್ಕಳಿಗೆ ಬಂದು ಹೋಗುವಂಥದ್ದು" ಎಂದು ಇದನ್ನು ಹಗುರವಾಗಿ ಕಾಣಬಾರದು. ನ್ಯುಮೋನಿಯಾ, ಭೇದಿ, 'ಎ' ಜೀವಸತ್ವದ ಕೊರತೆಯಿರುವ ಮಕ್ಕಳಲ್ಲಿ ಕುರುಡುತನ ಇದರ ಬೆನ್ನಿಗೆ ಬರುತ್ತವೆ.

ಸೀತಾಳೆ ಸಿಡುಬು: ಅಂಟಿದ 10ರಿಂದ 21 ದಿನಗಳೊಳಗೆ ತುರಿಕೆಯ ಗುಳ್ಳೆಗಳು ಏಳುತ್ತವೆ. ಉಗುರು ಕತ್ತರಿಸಿ, ಕೆರೆಯದಂತೆ ನೋಡಿಕೊಳ್ಳಿ. ವೈದ್ಯರು ಹೇಳದೆ ಆಸ್ಪಿರಿನ್ ಕೊಡಲೇಬೇಡಿ. ಗುಣವಾದ ಮೇಲೂ ಈ ವೈರಾಣು ನರಗಳಲ್ಲಿ ಮಲಗಿದ್ದು, ಮುಪ್ಪಿನಲ್ಲಿ ಸರ್ಪಸುತ್ತಾಗಿ ಎದ್ದು ಬರಬಹುದು. ಅಜ್ಜಿಯ ಸರ್ಪಸುತ್ತಿನ ಗುಳ್ಳೆಯಿಂದ ಮೊಮ್ಮಗುವಿಗೆ ಸೀತಾಳೆ ಸಿಡುಬು ಬರುವುದೂ ಉಂಟು.

ಮಂಗನಬಾವು: ಕೆಲವೆಡೆ ಗದ್ದಕಟ್ಟು ಎನ್ನುತ್ತಾರೆ. ಕಿವಿಯ ಕೆಳಗಿನ ಜೊಲ್ಲುಗ್ರಂಥಿ ಊದಿ, ಹುಳಿ ತಿಂದರೆ ನೋವು ಹೆಚ್ಚುತ್ತದೆ. ಬಹುತೇಕ ಮಕ್ಕಳು ಗುಣವಾಗುತ್ತಾರೆ. ಆದರೆ ಪ್ರಾಯಕ್ಕೆ ಬಂದ ಹುಡುಗರಲ್ಲಿ ವೃಷಣದ ಊತ, ಅಪರೂಪವಾಗಿ ಕಿವುಡುತನ ಆಗಬಹುದು.

ಕಣ್ಣುಬೇನೆ: "ಅವನ ಕಣ್ಣು ನೋಡಿದರೆ ಬರುತ್ತದೆ" ಎಂಬುದು ನಿಜವಲ್ಲ. ನೋಟದಿಂದ ಬರುವುದಿಲ್ಲ, ಕೈ, ಕರವಸ್ತ್ರ, ತಲೆದಿಂಬಿನಿಂದ ಬರುತ್ತದೆ. ಕಪ್ಪು ಕನ್ನಡಕ ರೋಗಿಗೆ ಬೆಳಕಿನ ಬಾಧೆ ತಗ್ಗಿಸುತ್ತದೆ, ಅಷ್ಟೇ.

ಕೈ, ಕಾಲು, ಬಾಯಿ ಬೇನೆ: ಅಂಗನವಾಡಿ, ನರ್ಸರಿ ಮಕ್ಕಳಲ್ಲಿ ಹೆಚ್ಚು. ಅಂಗೈ, ಅಂಗಾಲು, ಬಾಯೊಳಗೆ ಗುಳ್ಳೆಗಳು. ಈ ವೈರಾಣು ಮಲದಲ್ಲಿ ವಾರಗಟ್ಟಲೆ ಉಳಿಯುವುದರಿಂದ ಗುಣವಾದ ಮೇಲೂ ಕೈ ತೊಳೆಯುವುದನ್ನು ಬಿಡಬಾರದು.

4. ಕಾಣುವ ಮುನ್ನವೇ ಹರಡುತ್ತದೆ

ಈ ಪಾಠದಲ್ಲಿ ಮಕ್ಕಳು ಒಂದೇ ಒಂದು ಮಾತನ್ನು ನೆನಪಿಡುವುದಾದರೆ ಅದು ಇದಾಗಿರಲಿ. ದಡಾರದ ದದ್ದು ಕಾಣುವ ನಾಲ್ಕು ದಿನ ಮೊದಲೇ ಮಗು ಅದನ್ನು ಇತರರಿಗೆ ಹಂಚುತ್ತಿರುತ್ತದೆ. ಸೀತಾಳೆ ಸಿಡುಬಿನಲ್ಲಿ ಒಂದೆರಡು ದಿನ ಮೊದಲು, ಮಂಗನಬಾವಿನಲ್ಲೂ ಊತ ಕಾಣುವ ಒಂದೆರಡು ದಿನ ಮೊದಲು. ಹೆಪಟೈಟಿಸ್ 'ಎ'ಯಲ್ಲಂತೂ ಕಣ್ಣು ಹಳದಿಯಾಗುವ ಎರಡು ವಾರ ಮೊದಲೇ.

ಹಾಗಾದರೆ "ನಿನ್ನಿಂದ ನನಗೆ ಬಂತು" ಎಂದು ಯಾರನ್ನು ಬಯ್ಯಬೇಕು? ಆ ಮಗುವಿಗೂ ಗೊತ್ತಿರಲಿಲ್ಲ, ಅದರ ತಾಯಿಗೂ ಗೊತ್ತಿರಲಿಲ್ಲ. ಅದಕ್ಕೆ ಕೊಟ್ಟ ಮಗುವಿಗೂ ಗೊತ್ತಿರಲಿಲ್ಲ. ರೋಗಕ್ಕೆ ಮನೆಯ ಬಡತನ, ಜಾತಿ, ಬಣ್ಣ ಯಾವುದೂ ತಿಳಿಯದು. ತರಗತಿಯಲ್ಲಿ ಯಾರಿಗೆ ಮೊದಲು ಬಂತೆಂದು ಬೆರಳು ತೋರಿಸುವ ಆಟಕ್ಕೆ ಶಿಕ್ಷಕರು ಅವಕಾಶ ಕೊಡಬಾರದು. ಹಾಗೆ ಬೆರಳು ತೋರಿಸಿಕೊಂಡ ಮಗು ಮುಂದಿನ ಬಾರಿ ಜ್ವರವನ್ನು ಬಚ್ಚಿಡುತ್ತದೆ. ಆಗ ಹಾನಿ ಎಲ್ಲರಿಗೂ.

5. ಮನೆಯಲ್ಲಿ ಉಳಿಯುವುದು ಶಿಕ್ಷೆಯಲ್ಲ

ಎಷ್ಟು ದಿನ ಮನೆಯಲ್ಲಿರಬೇಕು? ದಡಾರವಾದರೆ ದದ್ದು ಕಂಡ ನಂತರ ನಾಲ್ಕು ದಿನ. ಮಂಗನಬಾವಾದರೆ ಊತ ಆರಂಭವಾದ ನಂತರ ಐದು ದಿನ. ಸೀತಾಳೆ ಸಿಡುಬಾದರೆ ಎಲ್ಲ ಗುಳ್ಳೆಗಳೂ ಒಣಗಿ ಹೊಪ್ಪಳೆ ಕಟ್ಟುವವರೆಗೆ. ಫ್ಲೂ ಮುಂತಾದ ಜ್ವರಗಳಲ್ಲಿ ಮಾತ್ರೆಯಿಲ್ಲದೆಯೇ 24 ಗಂಟೆ ಜ್ವರ ಬಾರದಿರುವವರೆಗೆ. ಇದಕ್ಕಿಂತ ಹೆಚ್ಚು ದಿನ ಬೇಕೆಂದು ವೈದ್ಯರು ಹೇಳಿದರೆ ಅವರ ಮಾತೇ ಕೊನೆ.

ಬೆಳಿಗ್ಗೆ ಪ್ಯಾರಸಿಟಮಾಲ್ ಕೊಟ್ಟರೆ ಮೈ ತಣ್ಣಗಾಗುತ್ತದೆ, ವೈರಾಣು ಎಲ್ಲೂ ಹೋಗುವುದಿಲ್ಲ. ಮಧ್ಯಾಹ್ನ ಜ್ವರ ಮರುಕಳಿಸುವ ಹೊತ್ತಿಗೆ ಮಗು ಅರವತ್ತು ಮಕ್ಕಳ ನಡುವೆ ಕುಳಿತಿರುತ್ತದೆ. ಆ ಅರವತ್ತರಲ್ಲಿ ಒಬ್ಬರ ಮನೆಯಲ್ಲಿ ಗರ್ಭಿಣಿ ತಾಯಿ, ಇನ್ನೊಬ್ಬರ ಮನೆಯಲ್ಲಿ ಎಳೆಗೂಸು, ಮತ್ತೊಬ್ಬರ ಮನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆ ಪಡೆಯುತ್ತಿರುವ ಅಜ್ಜ ಇರಬಹುದು. ನಮ್ಮ ಮಗುವಿಗೆ ಒಂದು ವಾರದ ತುರಿಕೆ ಎನಿಸಿದ್ದು ಅವರಿಗೆ ಪ್ರಾಣಕ್ಕೆ ಕುತ್ತಾದೀತು. ಶಾಲೆಗಳಲ್ಲಿ ಒಂದು ದಿನವೂ ತಪ್ಪದೆ ಬಂದವರಿಗೆ ಬಹುಮಾನ ಕೊಡುವ ಪದ್ಧತಿಯಿದ್ದರೆ, ಕಾಯಿಲೆಯ ರಜೆಯನ್ನು ಅದರಲ್ಲಿ ಲೆಕ್ಕಹಿಡಿಯದಿರುವುದು ಒಳ್ಳೆಯದು.

ಭಾನುವಾರದ ಬಲಿಪೂಜೆಯ ಬಗ್ಗೆಯೂ ಕೆಲವು ತಾಯಂದಿರಿಗೆ ಮನಸ್ಸು ಅಳುಕುತ್ತದೆ. ರೋಗಿಗಳಿಗೂ ಎಳೆಯ ಮಕ್ಕಳನ್ನು ನೋಡಿಕೊಳ್ಳುವವರಿಗೂ ಆ ದಿನದ ಕಟ್ಟುಪಾಡಿನಿಂದ ವಿನಾಯಿತಿ ಇದೆಯೆಂದು ಧರ್ಮಸಭೆಯ ಬೋಧನೆಯೇ ಹೇಳುತ್ತದೆ. ಗುಳ್ಳೆಯೆದ್ದ ಮಗುವನ್ನು ಎತ್ತಿಕೊಂಡು ದೇವಾಲಯದ ಹಿಂದಿನ ಬೆಂಚಿನಲ್ಲಿ ಕೂರುವ ಬದಲು ಮನೆಯಲ್ಲೇ ಅದರ ಪಕ್ಕ ಕುಳಿತು ಪ್ರಾರ್ಥಿಸಿ. ಅದರಿಂದ ನೆರೆಯವರಿಗೂ ಉಪಕಾರ.

6. 'ಅಮ್ಮ' ಬಂದಳೆಂಬ ಮಾತು

ಮೈಮೇಲೆ ಗುಳ್ಳೆಯೆದ್ದರೆ 'ಅಮ್ಮ' ಎನ್ನುವ ರೂಢಿ ನಮ್ಮ ಕುಟುಂಬಗಳಲ್ಲೂ ಉಳಿದಿದೆ. ಹಿಂದೆ ಊರೂರನ್ನೇ ಬಲಿ ತೆಗೆದುಕೊಂಡ ದೊಡ್ಡ ಸಿಡುಬಿನ ಭಯ ಆ ಮಾತಿನಲ್ಲಿದೆ. ಆ ಸಿಡುಬು ಭಾರತದಲ್ಲಿ 1975ರಲ್ಲಿ ಕೊನೆಗೊಂಡಿತು. ಇಡೀ ಲೋಕದಿಂದಲೇ ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಸಾರಿತು. ಲಸಿಕೆಯಿಂದಲೇ ಇದು ಸಾಧ್ಯವಾಯಿತು. ಈಗ ಕಾಣುವ ಸೀತಾಳೆ ಸಿಡುಬು ಬೇರೆ ರೋಗ. ಹಿರಿಯರ ಮಾತನ್ನು ಹೀಯಾಳಿಸಬೇಕಿಲ್ಲ. ಆದರೆ ಮದ್ದು ಕೊಡಬಾರದು, ಸ್ನಾನ ಮಾಡಿಸಬಾರದು, ಆಸ್ಪತ್ರೆಗೆ ಹೋಗಬಾರದು ಎಂಬ ಕಟ್ಟಳೆಗೆ ಒಪ್ಪಬೇಡಿ. ಮೈಯನ್ನು ಮೆಲ್ಲನೆ ತೊಳೆದು ಶುಚಿಯಾಗಿಡುವುದರಿಂದ ಗುಳ್ಳೆ ಕೀವಾಗುವುದು ತಪ್ಪುತ್ತದೆ. ನೀರು, ಗಂಜಿ, ಮೆದುವಾದ ಊಟ ಧಾರಾಳವಾಗಿ ಕೊಡಿ.

ಉಸಿರಾಟ ಕಷ್ಟವಾದರೆ, ಮಗು ನೀರನ್ನೂ ಕುಡಿಯದಿದ್ದರೆ, ಎಬ್ಬಿಸಿದರೂ ಮಂಪರಿನಲ್ಲಿದ್ದರೆ, ಫಿಟ್ಸ್ ಬಂದರೆ, ತಲೆನೋವಿನೊಂದಿಗೆ ಕುತ್ತಿಗೆ ಬಿಗಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

7. ಲಸಿಕೆ

ಲಸಿಕೆ ಎಂದರೆ ಶತ್ರುವಿನ ಚಿತ್ರವನ್ನು ಮೊದಲೇ ಕಾವಲುಗಾರನಿಗೆ ತೋರಿಸಿಟ್ಟಂತೆ ಎಂದು ಮಕ್ಕಳಿಗೆ ಹೇಳಿ. ಶತ್ರು ಬಂದಾಗ ಕಾವಲುಗಾರ ತಟ್ಟನೆ ಗುರುತಿಸುತ್ತಾನೆ. ಪೋಲಿಯೊ ನಮ್ಮ ಕಣ್ಣೆದುರಿನ ಉದಾಹರಣೆ. ಭಾರತದಲ್ಲಿ ಕಾಡು ಪೋಲಿಯೊ ವೈರಾಣುವಿನ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದಲ್ಲಿ ಕಂಡಿತು; 2014ರಲ್ಲಿ ನಮ್ಮ ದೇಶ ಪೋಲಿಯೊಮುಕ್ತವೆಂಬ ಪ್ರಮಾಣಪತ್ರ ಪಡೆಯಿತು.

ದಡಾರ ಮತ್ತು ರುಬೆಲ್ಲಾ ಲಸಿಕೆ ಒಂಬತ್ತು ತಿಂಗಳು ತುಂಬಿದಾಗ ಒಮ್ಮೆ, 16ರಿಂದ 24 ತಿಂಗಳೊಳಗೆ ಇನ್ನೊಮ್ಮೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಸಿಗುತ್ತದೆ. ಮೊದಲನೆಯದನ್ನು ಹಾಕಿಸಿ ಎರಡನೆಯದನ್ನು ಮರೆಯುವವರು ಬಹಳ. ಇಂದೇ ತಾಯಿ ಕಾರ್ಡನ್ನು ತೆಗೆದು ನೋಡಿ. ಸೀತಾಳೆ ಸಿಡುಬು, ಮಂಗನಬಾವು, ಫ್ಲೂ, ಹೆಪಟೈಟಿಸ್ 'ಎ' ಇವುಗಳಿಗೂ ಲಸಿಕೆಗಳಿವೆ; ಮಕ್ಕಳ ವೈದ್ಯರನ್ನು ವಿಚಾರಿಸಿ.

8. ಗೆಳೆಯನಿಗಾಗಿ

ಶುಭಸಂದೇಶದಲ್ಲಿ ಯೇಸುಸ್ವಾಮಿ ಕುಷ್ಠರೋಗಿಯನ್ನು ಮುಟ್ಟಿ ಗುಣಪಡಿಸಿದ್ದನ್ನು ಮಕ್ಕಳು ಬಲ್ಲರು. ಊರ ಹೊರಗೆ ಬದುಕುತ್ತಿದ್ದವನು ಆ ದಿನ ಮತ್ತೆ ಜನರ ನಡುವೆ ಬರಲು ಅರ್ಹನಾದ. ನಮ್ಮ ಮಕ್ಕಳು ಗುಳ್ಳೆಯನ್ನು ಮುಟ್ಟಬೇಕಾಗಿಲ್ಲ. ಆದರೆ ಕಾಯಿಲೆಯ ಗೆಳೆಯ ತಾನು ಹೊರಗಾದೆನೆಂದು ಅಳದಂತೆ ಅವರು ನೋಡಿಕೊಳ್ಳಬಹುದು. ಅಂದಿನ ಪಾಠವನ್ನು ಅವನಿಗಾಗಿ ಬರೆದಿಡಲಿ. ಅಮ್ಮನ ಫೋನಿನಿಂದ ದಿನಕ್ಕೊಮ್ಮೆ ಮಾತಾಡಲಿ. ಮರಳಿ ಬಂದ ದಿನ ಮೊದಲಿನ ಜಾಗದಲ್ಲೇ ಕೂರಿಸಿಕೊಳ್ಳಲಿ; ಮುಖದ ಕಲೆಗಳನ್ನು ಕಂಡು ಅಡ್ಡಹೆಸರಿಡದಿರಲಿ. ಹೊಪ್ಪಳೆ ಕಟ್ಟಿ ಒಣಗಿದ ಮೇಲೆ ಆ ಕಲೆಗಳಿಂದ ಯಾರಿಗೂ ಏನೂ ಅಂಟುವುದಿಲ್ಲ.

ಮಕ್ಕಳಿಗೆ ಪ್ರಶ್ನೆಗಳು

1. ವೈರಾಣು ನಮ್ಮ ದೇಹದೊಳಗೆ ಹೇಗೆ ಹೆಚ್ಚುತ್ತದೆ?
2. ಕಣ್ಣುಬೇನೆ ಬಂದವರನ್ನು ನೋಡಿದರೆ ನಮಗೂ ಬರುತ್ತದೆಯೇ? ಮತ್ತೆ ಹೇಗೆ ಬರುತ್ತದೆ?
3. ಜ್ವರದ ಮಾತ್ರೆ ನುಂಗಿ ಶಾಲೆಗೆ ಹೋದರೆ ಯಾರಿಗೆಲ್ಲ ತೊಂದರೆ?
4. "ಅವಳಿಂದಲೇ ಎಲ್ಲರಿಗೂ ಬಂತು" ಎಂದು ಯಾರಾದರೂ ಹೇಳಿದರೆ ನೀನು ಏನು ಉತ್ತರ ಕೊಡುವೆ?
5. ನಿನ್ನ ಪಕ್ಕದ ಜಾಗ ಈ ವಾರ ಖಾಲಿಯಿದೆಯೇ? ಅಲ್ಲಿ ಕೂರುವವರಿಗಾಗಿ ನಾಳೆ ಏನು ಮಾಡುವೆ?

ಕೊನೆಯ ಪ್ರಶ್ನೆಗೆ ಮಕ್ಕಳು ಬಾಯಲ್ಲಿ ಉತ್ತರ ಹೇಳಿದರೆ ಸಾಲದು, ಮಾಡಿ ತೋರಿಸಲಿ.