ಹಾಡಿದವರು ಕಾಣ್ತಾರೆ, ಹಾಡು ಕಟ್ಟಿದವರು?

ಹೋದ ಸೆಮಿಸ್ಟರ್ ಫೆಸ್ಟ್‌ಗೆ ನಮ್ಮ ಟೀಮ್ ಒಂದು ಹಾಡಿನ ವಿಡಿಯೋ ಮಾಡಿತ್ತು. ಕೊನೆಯಲ್ಲಿ ಹಾಡಿದವಳ ಹೆಸರು, ಕ್ಯಾಮೆರಾ ಹಿಡಿದವನ ಹೆಸರು, ಡ್ರೋನ್ ಹಾರಿಸಿದವನ ಹೆಸರು ಕೂಡ ಬಂತು. ಟ್ಯೂನ್ ಹಾಕಿದ ನನ್ನ ರೂಮ್‌ಮೇಟ್ ಹೆಸರು ಮಾತ್ರ ಬಿಟ್ಟುಹೋಯ್ತು. ಎಡಿಟ್ ಮಾಡಿದ್ದು ನಾನೇ. ಅವನು ಏನೂ ಅನ್ನಲಿಲ್ಲ. ಆದ್ರೆ ಆಮೇಲೆ ನನ್ನ ಮುಂದೆ ಗಿಟಾರ್ ಮುಟ್ಟಲಿಲ್ಲ.

ಹಾಡಿನ ಕಿರುಚಿತ್ರಗಳು ಹೇಗೆ ಶುರುವಾದವು ಅಂತ ಓದೋಕೆ ಕೂತಿದ್ದು ಅದಾದ ಮೇಲೆ. ಓದು ನನ್ನನ್ನ ಫ್ರಾನ್ಸ್‌ಗೆ ಕರ್ಕೊಂಡು ಹೋಯ್ತು.

ಮೊದಲು ಧ್ವನಿ, ಆಮೇಲೆ ಚಿತ್ರ

1905ರ ಹೊತ್ತಿಗೆ ಗೋಮೋಂ ಕಂಪನಿಗಾಗಿ ಆಲಿಸ್ ಗಿ ಎಂಬ ನಿರ್ದೇಶಕಿ ‘ಫೋನೋಸೀನ್’ ಅನ್ನೋ ಪುಟ್ಟ ಹಾಡಿನ ಚಿತ್ರಗಳನ್ನು ತೆಗೆಯುತ್ತಿದ್ದರು. ಆಗ ಎಲೆಕ್ಟ್ರಿಕ್ ಮೈಕ್ ಬಳಕೆಗೆ ಬಂದಿರಲಿಲ್ಲ. ಗಾಯಕ ಕೊಳವೆಯ ಬಾಯಿಗೆ ಹತ್ತಿರ ನಿಂತು ಹಾಡಿದರೆ ಮಾತ್ರ ಧ್ವನಿ ದಾಖಲಾಗುತ್ತಿತ್ತು. ಅದಕ್ಕೇ ಮೊದಲು ರೆಕಾರ್ಡಿಂಗ್, ಆಮೇಲೆ ಅದಕ್ಕೆ ತುಟಿ ಆಡಿಸುತ್ತಾ ಶೂಟಿಂಗ್. ನಾವು ಇವತ್ತು ಮಾಡೋದೂ ಇದನ್ನೇ!

ಫೆಲಿಕ್ಸ್ ಮೇಯೋಲ್, ದ್ರಾನೆಮ್‌ರಂಥ ಸ್ಟಾರ್ ಗಾಯಕರು ಹೀಗೆ ತೆರೆ ಮೇಲೆ ಬಂದರು. ಮೇಯೋಲ್‌ಗೆ ಹೆಸರು ತಂದ ‘ವಿಯಾಂ ಪೂಪೂಲ್’ ಹಾಡಿನ ಟ್ಯೂನ್ ಜರ್ಮನಿಯ ಅಡಾಲ್ಫ್ ಸ್ಪಾನ್ ಅವರದ್ದು. ಮೇಯೋಲ್ ಮುಖ ಜನಕ್ಕೆ ಗೊತ್ತು, ಸ್ಪಾನ್ ಮುಖ ಯಾರಿಗೆ ಗೊತ್ತು?

1960ರಲ್ಲಿ ‘ಸ್ಕೋಪಿಟೋನ್’ ಬಂತು. ಕಾಸು ಹಾಕಿದರೆ ಹಾಡು ಕೇಳಿಸುವ ಜೊತೆಗೆ ತೋರಿಸುವ ಪೆಟ್ಟಿಗೆ. 16 ಎಂಎಂ ಫಿಲ್ಮ್, ಅಂಚಿನಲ್ಲಿ ಮ್ಯಾಗ್ನೆಟಿಕ್ ಸೌಂಡ್, ಒಳಗೆ 36 ಚಿತ್ರಗಳು. ತಯಾರಿಸಿದ್ದು ಕಾಮೆಕಾ, ಎಲೆಕ್ಟ್ರಾನ್ ಮೈಕ್ರೋಪ್ರೋಬ್ ಮಾಡುವ ಅದೇ ಕಂಪನಿ. ಯಂತ್ರ ಬದಲಾಯ್ತು, ಆದ್ರೆ ಕ್ಯಾಮೆರಾ ಮಾತ್ರ ಹಾಡುವವರ ಮುಖ ಬಿಟ್ಟು ಕದಲಲಿಲ್ಲ.

ಸಕ್ಕರೆ ನೀರಿನ ಕೇಸು

ಹಾಡು ಕಟ್ಟಿದವರ ಜಗಳ ಸಿನಿಮಾಕ್ಕಿಂತ ಹಳೆಯದು. 1847ರಲ್ಲಿ ಎರ್ನೆಸ್ಟ್ ಬೂರ್ಜೆ ಎಂಬ ಗೀತರಚನೆಕಾರ ಪ್ಯಾರಿಸ್‌ನ ‘ಅಂಬಾಸಾದರ್’ ಕೆಫೆಯಲ್ಲಿ ಸಂಗೀತಗಾರ ಗೆಳೆಯರ ಜೊತೆ ಕೂತಿದ್ದರು. ಕುಡಿದಿದ್ದು ಸಕ್ಕರೆ ನೀರು. ಅಲ್ಲಿ ಇವರದ್ದೇ ಹಾಡುಗಳು ನಡೀತಿದ್ದವು. ಬಿಲ್ ಬಂದಾಗ ಇವರು ಕೊಡಲ್ಲ ಅಂದುಬಿಟ್ಟರು: ನಮ್ಮ ಹಾಡು ನಿಮಗೆ ಪುಕ್ಕಟೆ ಅಂದ್ರೆ, ನಿಮ್ಮ ನೀರೂ ನಮಗೆ ಪುಕ್ಕಟೆ ಅನ್ನೋದು ವಾದ. ವಿಷಯ ಕೋರ್ಟಿಗೆ ಹೋಗಿ ಬೂರ್ಜೆ ಗೆದ್ದರು. 1851ರಲ್ಲಿ ‘ಸಾಸೆಮ್’ ಸಂಘ ಹುಟ್ಟಿತು. ಗೀತರಚನೆಕಾರರು, ಸಂಯೋಜಕರು, ಪ್ರಕಾಶಕರ ಪರವಾಗಿ ಅದು ಇವತ್ತಿಗೂ ಹಣ ಸಂಗ್ರಹಿಸಿ ಹಂಚುತ್ತಿದೆ.

ನಮ್ಮಲ್ಲೂ 2012ರ ಕಾಪಿರೈಟ್ ತಿದ್ದುಪಡಿ ಬಂತು. ಸಿನಿಮಾ ಹಾಡು ಥಿಯೇಟರ್ ಆಚೆ ಬಳಕೆಯಾದಾಗ ಬರುವ ರಾಯಧನದಲ್ಲಿ ಗೀತರಚನೆಕಾರರಿಗೂ ಸಂಗೀತ ನಿರ್ದೇಶಕರಿಗೂ ಪಾಲು ಸಿಗುವ ಹಕ್ಕನ್ನು ಅದು ಗಟ್ಟಿ ಮಾಡಿತು.

ಇದರಿಂದ ನಾನು ಕಲಿತದ್ದು ಇಷ್ಟು: ಕ್ಯಾಮೆರಾಗೆ ಟ್ಯೂನ್ ಕಾಣಲ್ಲ. ಅದನ್ನು ಕಟ್ಟಿದವರ ಹೆಸರನ್ನು ನಾವೇ ನೆನಪಿಟ್ಟು ಹಾಕಬೇಕು. ಈ ಸಲ ಫೆಸ್ಟ್ ವಿಡಿಯೋ ಮಾಡೋರು ಎಡಿಟಿಂಗ್ ಶುರು ಮಾಡೋ ಮೊದಲೇ ಆ ಹೆಸರು ಟೈಪ್ ಮಾಡಿಟ್ಟುಕೊಳ್ಳಿ.

ನಾನು ನಮ್ಮ ವಿಡಿಯೋನ ಮತ್ತೆ ರೆಂಡರ್ ಮಾಡಿ, ಮೊದಲ ಫ್ರೇಮ್‌ನಲ್ಲೇ ರೂಮ್‌ಮೇಟ್ ಹೆಸರು ಹಾಕಿ ತೋರಿಸಿದೆ. ಅವನು ಎರಡು ಸಲ ನೋಡಿ, “ಸ್ಪೆಲಿಂಗ್ ತಪ್ಪು ಮಗಾ” ಅಂದ. ಅದನ್ನೂ ಸರಿ ಮಾಡಿದೆ. ರಾತ್ರಿ ಗಿಟಾರ್ ಹೊರಗೆ ಬಂತು.