ಏರಿಯ ಭಾರಕ್ಕೆ ಜೇಡಿಮಣ್ಣು ಎಷ್ಟು ಕುಗ್ಗೀತು?

ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿಯಲ್ಲಿ ಕಪಿಲೆಗೆ ಅಡ್ಡಲಾಗಿ 1974ರಲ್ಲಿ ಪೂರ್ಣಗೊಂಡ ಕಬಿನಿ ಅಣೆಕಟ್ಟನ್ನು ಅನೇಕ ಓದುಗರು ನೋಡಿರಬಹುದು. ನೀರನ್ನು ಹೊರಬಿಡುವ ಭಾಗ ಕಲ್ಲುಗಾರೆಯದು. ಅದಕ್ಕೆ ಹೊಂದಿಕೊಂಡು ಚಾಚಿರುವುದು ಮಣ್ಣಿನ ಏರಿ. ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 2284 ಅಡಿ. ಏರಿಯ ನೆತ್ತಿ ಎಂದೆಂದಿಗೂ ಇದಕ್ಕಿಂತ ಮೇಲಿರಬೇಕು. ನೀರು ಒಮ್ಮೆ ಮಣ್ಣಿನ ಏರಿಯ ಮೇಲೆ ಹರಿಯಿತೆಂದರೆ ಅದನ್ನು ಕೊರೆದು ಒಡೆದೀತು. ಆದುದರಿಂದ ಯಾವುದೇ ಏರಿ ಎಷ್ಟು ತಗ್ಗುವುದೆಂದು ಮೊದಲೇ ಲೆಕ್ಕಹಾಕದೆ ವಿಧಿಯಿಲ್ಲ. ತಳದಲ್ಲಿ ಬಂಡೆಯಿದ್ದರೆ ಚಿಂತೆ ಕಡಿಮೆ. ನೀರು ತುಂಬಿದ ಜೇಡಿಯಿದ್ದರೆ ಮಾತು ಬೇರೆ.

ಜೇಡಿಯ ಕಣವಾಗಲಿ ನೀರಾಗಲಿ ಒತ್ತಡಕ್ಕೆ ಕುಗ್ಗುವುದು ಅತ್ಯಲ್ಪ. ಕುಗ್ಗುವುದು ಕಣಗಳ ನಡುವಣ ತೆರಪು. ಅದೂ ಅಲ್ಲಿನ ನೀರು ಹೊರಟಂತೆಲ್ಲ. ಬಟ್ಟೆಯಲ್ಲಿ ಕಟ್ಟಿದ ಮೊಸರಿನ ಮೇಲೆ ಗುಂಡುಕಲ್ಲನ್ನಿಟ್ಟರೆ ನೀರು ಮೆಲ್ಲಮೆಲ್ಲನೆ ಜಿನುಗಿ ಗಂಟು ಸಣ್ಣದಾಗುವುದಲ್ಲವೆ? ಹಾಗೆಯೇ ಇಲ್ಲಿಯೂ ಹೊಸ ಭಾರವನ್ನು ಮೊದಲು ನೀರು ಹೊರುತ್ತದೆ. ಅದು ಜಾರಿಕೊಂಡಂತೆ ಭಾರ ಕಣಗಳ ಮೇಲೆ ಬೀಳುತ್ತದೆ. ಈ ಕ್ರಿಯೆಯ ಗಣಿತವನ್ನು ಕಾರ್ಲ್ ಟೆರ್ಜಾಗಿ 1925ರ ತಮ್ಮ ಗ್ರಂಥದಲ್ಲಿ ವಿವರಿಸಿದರು.

ಒಂದು ಲೆಕ್ಕ ಮಾಡೋಣ. (ಇವು ಬೀಚನಹಳ್ಳಿಯ ಅಳತೆಗಳಲ್ಲ, ನಮ್ಮ ಊಹೆ.) ಜೇಡಿಯ ಪದರ 4 ಮೀಟರ್ ದಪ್ಪ. ತೆರಪಿನ ಗಾತ್ರಕ್ಕೂ ಕಣಗಳ ಗಾತ್ರಕ್ಕೂ ಇರುವ ಅನುಪಾತ 1. ಪ್ರಯೋಗಶಾಲೆಯಲ್ಲಿ ದೊರೆತ ಸಂಪೀಡನ ಸೂಚಕ 0.3. ಪದರದ ನಡುವೆ ಕಣಗಳು ಈಗ ಹೊತ್ತಿರುವುದು ಚದರ ಮೀಟರಿಗೆ 4 ಟನ್. 6 ಮೀಟರ್ ಎತ್ತರದ ಅಗಲವಾದ ಏರಿ, ಘನ ಮೀಟರಿಗೆ 2 ಟನ್ನಿನಂತೆ, ಇನ್ನೂ 12 ಟನ್ ಹೇರುತ್ತದೆ. ಒತ್ತಡ 4ರಿಂದ 16ಕ್ಕೆ, ಅಂದರೆ ನಾಲ್ಕು ಪಟ್ಟಿಗೆ ಏರಿತು. 4ರ ಲಾಗರಿತಮ್ 0.602. ಸೂಚಕವನ್ನು ಅನುಪಾತಕ್ಕೆ ಒಂದು ಕೂಡಿಸಿದ ಮೊತ್ತದಿಂದ ಭಾಗಿಸಿ, ದಪ್ಪದಿಂದಲೂ ಲಾಗರಿತಮಿನಿಂದಲೂ ಗುಣಿಸಬೇಕು: 4 × (0.3 ÷ 2) × 0.602 = 0.36 ಮೀಟರ್. ಒಂದಡಿಗೂ ಮಿಗಿಲು! ಹಿಂದೆಂದೋ ಇದಕ್ಕಿಂತ ಹೆಚ್ಚು ಭಾರ ಹೊತ್ತ ಜೇಡಿಯಾದರೆ ಕುಸಿತ ಬಹಳ ಕಡಿಮೆ. ಈ ಸೂತ್ರ ಅದಕ್ಕೆ ಸಲ್ಲದು.

ಏರಿಯನ್ನು ಅಷ್ಟು ಎತ್ತರಿಸಿ ಕಟ್ಟಿದರಾಯಿತು ಎನ್ನಬಹುದು. ಆದರೆ ಕಲ್ಲುಗಾರೆ ಬಂಡೆಯ ಮೇಲೆ ಕದಲದೆ ನಿಂತು, ಪಕ್ಕದ ಮಣ್ಣು ಮಾತ್ರ ತಗ್ಗಿದರೆ ಸಂದಿಯಲ್ಲಿ ಬಿರುಕು ಬಿಟ್ಟೀತು. ಆದುದರಿಂದ ಎಷ್ಟು ಎಂಬುದರೊಡನೆ ಯಾವಾಗ ಎಂಬುದನ್ನೂ ಕೇಳಬೇಕು. ಹಿಡಿಯುವ ಕಾಲವು ನೀರು ಸಾಗಬೇಕಾದ ದೂರದ ವರ್ಗಕ್ಕೆ ಅನುಗುಣವಾದುದು. ಜೇಡಿಯ ಮೇಲೂ ಕೆಳಗೂ ಮರಳಿದ್ದರೆ ಅತಿ ದೂರದ ಹಾದಿ 2 ಮೀಟರ್. ಗುಣಾಂಕ ವರ್ಷಕ್ಕೆ 2 ಚದರ ಮೀಟರ್ ಆದರೆ ಶೇಕಡಾ 90 ಭಾಗ ಕುಸಿಯಲು 0.848 × 4 ÷ 2, ಅಂದರೆ ಸುಮಾರು 20 ತಿಂಗಳು. ಕೆಳಗೆ ನೀರು ಬಿಡದ ಬಂಡೆಯಿದ್ದರೆ ಹಾದಿ 4 ಮೀಟರ್, ಕಾಲ 6.8 ವರ್ಷ. ಎರಡೂ ಕಡೆ ಮರಳಿದ್ದು, ಜೇಡಿಯ ನಟ್ಟನಡುವೆ ಬೆರಳಗಲದ ಮತ್ತೊಂದು ಮರಳಿನ ಎಳೆ ಹೊರಗಿನವರೆಗೂ ಹಾದುಹೋಗಿದ್ದರೆ ಆ 20 ತಿಂಗಳು ಐದಕ್ಕೆ ಇಳಿಯುತ್ತದೆ. ನೆಲ ಕೊರೆದು ಮಾದರಿ ತೆಗೆಯುವವರು ಇಂತಹ ಎಳೆಗಳಿಗಾಗಿ ಕಣ್ಣಲ್ಲಿ ಕಣ್ಣಿಟ್ಟು ಹುಡುಕುವುದು ಈ ಕಾರಣದಿಂದಲೇ.