ಆಟದ ಕ್ಯಾಸೆಟ್ಟುಗಳು: ಎಂಪಿ3 ಮಾಡಿಸಲೇ, ವೇವ್ ಮಾಡಿಸಲೇ?

ಪ್ರಶ್ನೆ: ನಮ್ಮ ತಂದೆಯವರು 1980ರ ದಶಕದಲ್ಲಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಎಲ್ಲಿ ಯಕ್ಷಗಾನದ ಆಟ, ತಾಳಮದ್ದಳೆ ಇದ್ದರೂ ಟೇಪ್ ರೆಕಾರ್ಡರ್ ಹಿಡಿದು ಹೋಗುತ್ತಿದ್ದರು. ಆ ಕ್ಯಾಸೆಟ್ಟುಗಳು ಸುಮಾರು ನೂರು ಉಂಟು. ಸ್ಟುಡಿಯೋದವರು ‘ಎಂಪಿ3 ಮಾಡಿ ಒಂದೇ ಪೆನ್‌ಡ್ರೈವಿಗೆ ಹಾಕಿ ಕೊಡುತ್ತೇನೆ, ವೇವ್ ಮಾಡಿದರೆ ಸುಮ್ಮನೆ ಜಾಗ ಹಾಳು’ ಎನ್ನುತ್ತಾರೆ. ಮಗ ‘ಫ್ಲ್ಯಾಕ್ ಮಾಡಿಸಿ’ ಎನ್ನುತ್ತಾನೆ. ಯಾವುದು ಸರಿ? ಕೇಳುವಾಗ ವ್ಯತ್ಯಾಸ ಗೊತ್ತಾಗುತ್ತದೆಯೇ?
— ಬೆಳ್ತಂಗಡಿಯ ಓದುಗರೊಬ್ಬರು

ಉತ್ತರ: ಮಗನ ಮಾತು ಕೇಳಿ. ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಸುವ ಮೊದಲ ಪ್ರತಿ ವೇವ್ ಇಲ್ಲವೇ ಫ್ಲ್ಯಾಕ್ ಆಗಿರಲಿ. ಅದರಿಂದ ಕಾರಿಗೆ, ಫೋನಿಗೆ ಬೇಕಾದಷ್ಟು ಎಂಪಿ3 ಮಾಡಿಕೊಳ್ಳಬಹುದು. ಎಂಪಿ3ಯಿಂದ ಹಿಂದಕ್ಕೆ ಹೋಗುವ ದಾರಿ ಇಲ್ಲ.

ಏಕೆಂದು ಹೇಳುತ್ತೇನೆ. ಸಿಡಿಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನು 16 ಬಿಟ್‌ಗಳಲ್ಲಿ ಬರೆದಿಡುತ್ತಾರೆ. ಎಡ ಬಲ ಎರಡೂ ಸೇರಿ ಸೆಕೆಂಡಿಗೆ 1,411 ಕಿಲೋಬಿಟ್ (ಕೆಬಿಪಿಎಸ್). 90 ನಿಮಿಷದ ಕ್ಯಾಸೆಟ್ಟೊಂದು ಈ ಲೆಕ್ಕದಲ್ಲಿ ಸುಮಾರು 950 ಎಂಬಿ ಆಗುತ್ತದೆ. ವೇವ್ ಎಂದರೆ ಈ ಅಳತೆಗಳನ್ನೆಲ್ಲ ಇದ್ದ ಹಾಗೇ ಇಟ್ಟ ಫೈಲು. ಅದೇ ಕ್ಯಾಸೆಟ್ಟನ್ನು 128 ಕೆಬಿಪಿಎಸ್ ಎಂಪಿ3 ಮಾಡಿದರೆ 86 ಎಂಬಿಗೆ ಇಳಿಯುತ್ತದೆ. ಹನ್ನೊಂದರಲ್ಲಿ ಹತ್ತು ಪಾಲು ಎಲ್ಲಿ ಹೋಯಿತು? ಮನುಷ್ಯನ ಕಿವಿಗೆ ಒಂದು ಮಿತಿ ಉಂಟು. ದೊಡ್ಡ ಸದ್ದಿನ ಮಗ್ಗುಲಲ್ಲೇ ಇರುವ ಸಣ್ಣ ಸದ್ದು ಅದಕ್ಕೆ ಕೇಳುವುದಿಲ್ಲ. ಜರ್ಮನಿಯ ಎರ್ಲಾಂಗೆನ್ ಊರಿನ ಫ್ರಾನ್‌ಹೋಫರ್ ಸಂಸ್ಥೆಯವರು ಈ ಗುಣವನ್ನೇ ಆಧಾರವಾಗಿಟ್ಟು, ಕಿವಿಗೆ ಕೇಳದು ಎಂದು ಲೆಕ್ಕ ಹಾಕಿದ ಭಾಗವನ್ನು ಬಿಟ್ಟುಬಿಡುವ ಉಪಾಯವನ್ನು ಬೆಳೆಸಿದರು. ಎಂಪಿ3 ಎಂಬ ಹೆಸರು ಬಂದದ್ದು 1995ರಲ್ಲಿ. ಹಾರ್ಡ್ ಡಿಸ್ಕ್ ಸಣ್ಣದು, ಇಂಟರ್ನೆಟ್ ನಿಧಾನ ಎಂಬ ಆ ಕಾಲಕ್ಕೆ ಅದು ದೊಡ್ಡ ಉಪಕಾರವೇ. ಆದರೆ ಬಿಟ್ಟದ್ದು ಬಿಟ್ಟ ಹಾಗೆಯೇ. ಫ್ಲ್ಯಾಕ್ ಬೇರೆ ಜಾತಿ. 2001ರಲ್ಲಿ ಬಂದ ಇದು ಮಡಚಿಟ್ಟ ಸೀರೆ: ಜಾಗ ಕಡಿಮೆ ಹಿಡಿಯುತ್ತದೆ, ಬಿಡಿಸಿದರೆ ಅದೇ ಸೀರೆ, ಒಂದು ಎಳೆಯೂ ಕಡಿಮೆಯಿಲ್ಲ. ವೇವ್‌ನ ಅರ್ಧದಿಂದ ಮೂರನೇ ಎರಡರಷ್ಟು ಜಾಗ ಸಾಕು.

ಆಟದ ಧ್ವನಿಮುದ್ರಣದಲ್ಲಿ ಈ ವ್ಯತ್ಯಾಸ ಯಾಕೆ ಹೆಚ್ಚು ಮುಖ್ಯ ಎನ್ನುವುದಕ್ಕೆ ನಮ್ಮ ತೆಂಕುತಿಟ್ಟಿನ ಹಿಮ್ಮೇಳವನ್ನೇ ನೋಡಿ. ಎಂಪಿ3 ಧ್ವನಿಯನ್ನು 1,152 ಅಳತೆಗಳ ತುಂಡುಗಳಾಗಿ ಮಾಡಿಕೊಳ್ಳುತ್ತದೆ. ಒಂದೊಂದು ತುಂಡು ಸುಮಾರು 26 ಮಿಲಿಸೆಕೆಂಡ್. ಭಾಗವತರು ಆಲಾಪನೆಯ ಕೊನೆಗೆ ತುಸು ಉಸಿರು ಬಿಟ್ಟಿದ್ದಾರೆ, ಹಿಂದೆ ಶ್ರುತಿ ಮಾತ್ರ ಇದೆ, ಅಷ್ಟರಲ್ಲಿ ಚೆಂಡೆಗೆ ಪೆಟ್ಟು ಬೀಳುತ್ತದೆ ಎಂದುಕೊಳ್ಳಿ. ಆ ಪೆಟ್ಟು ತುಂಡಿನ ನಡುವೆ ಬಿದ್ದರೆ, ಲೆಕ್ಕದಲ್ಲಿ ಆಗುವ ಸಣ್ಣ ತಪ್ಪು ಇಡೀ ತುಂಡಿಗೆ ಹರಡುತ್ತದೆ. ಪೆಟ್ಟಿನ ಮೊದಲೇ ‘ಸ್ಸ್’ ಎಂಬ ಒಂದು ನೆರಳು ಕೇಳುತ್ತದೆ, ಪೆಟ್ಟಿನ ಮೊನೆ ಮೊಂಡಾಗುತ್ತದೆ. ಎಂಪಿ3 ಮಾಡುವ ತಂತ್ರಾಂಶ, ಅಂದರೆ ಎನ್‌ಕೋಡರ್, ಒಳ್ಳೆಯದಿದ್ದರೆ ಅಲ್ಲಿ ತುಂಡನ್ನು ಚಿಕ್ಕದು ಮಾಡಿ ಸಂಭಾಳಿಸುತ್ತದೆ. ಬಿಟ್‌ರೇಟ್ ಕಡಿಮೆಯಾದಾಗ ಅದಕ್ಕೂ ಕಷ್ಟ. ಈ ತಂತ್ರದ ಪರೀಕ್ಷೆಗೆ ಎಂಜಿನಿಯರುಗಳು ಬಹಳ ಕಾಲದಿಂದ ಬಳಸುವುದು ಸ್ಪೇನಿನ ಕ್ಯಾಸ್ಟನೆಟ್ ಎಂಬ ಮರದ ಚಿಪ್ಪುಗಳ ಚಟಪಟ ಸದ್ದನ್ನು. ಚೆಂಡೆ ಮದ್ದಳೆಗಳ ಉರುಳಿಕೆ ಅದಕ್ಕಿಂತ ಸುಲಭದ ಪರೀಕ್ಷೆ ಎಂದು ನನಗೆ ಅನಿಸುವುದಿಲ್ಲ.

ಚಕ್ರತಾಳದ ಪಾಡು ಬೇರೆ. ಅದರ ನಾದ ಎತ್ತರದ ಕಂಪನಗಳಲ್ಲಿ ಚದುರಿಕೊಂಡು, ಬಹಳ ಹೊತ್ತು ಉಳಿಯುತ್ತದೆ. 64 ಕೆಬಿಪಿಎಸ್‌ಗೆ ಇಳಿಸಿದ ಫೈಲಿನಲ್ಲಿ ಆ ಕಂಚಿನ ಸದ್ದು ನೀರೊಳಗಿಂದ ಬಂದ ಹಾಗೆ ಗುಳುಗುಳು ಎನ್ನುತ್ತದೆ. ವಾಟ್ಸ್ಯಾಪ್ ಗುಂಪುಗಳಲ್ಲಿ ತಿರುಗುವ ಹಳೆಯ ಪದಗಳಲ್ಲಿ ನೀವೂ ಇದನ್ನು ಕೇಳಿರುತ್ತೀರಿ. ಇದರ ಮೇಲೆ ಕ್ಯಾಸೆಟ್ಟಿನ ಸುಂಯ್‌ಗುಟ್ಟುವಿಕೆ. ಕ್ರಮವೇ ಇಲ್ಲದ ಆ ಸದ್ದನ್ನು ಕುಗ್ಗಿಸುವುದು ಎಂಪಿ3ಗೆ ಬಲು ಕಷ್ಟ. ಇರುವ ಬಿಟ್‌ಗಳಲ್ಲಿ ಒಂದಷ್ಟನ್ನು ಅದೇ ತಿಂದು, ಭಾಗವತರ ಪಾಲಿಗೆ ಉಳಿಯುವುದು ಕಡಿಮೆ. ಸ್ಟುಡಿಯೋದಲ್ಲಿ ಹಾಡಿದ ಶುದ್ಧ ಧ್ವನಿಗಿಂತ ಹಳೆಯ ಕ್ಯಾಸೆಟ್ಟು ಕಡಿಮೆ ಬಿಟ್‌ರೇಟಿನಲ್ಲಿ ಹೆಚ್ಚು ಕೆಡುವುದು ಹೀಗೆ. ತಾಳಮದ್ದಳೆಯಲ್ಲಿ ಅರ್ಥದ ಭಾಗಕ್ಕೆ ಇಷ್ಟು ಅಪಾಯವಿಲ್ಲ. ಮಾತು ಕಡಿಮೆ ಬಿಟ್‌ಗಳಲ್ಲೂ ಸ್ಪಷ್ಟವಾಗಿರುತ್ತದೆ.

ಇನ್ನು, ಕೇಳುವಾಗ ಗೊತ್ತಾಗುತ್ತದೆಯೇ ಎಂಬ ಪ್ರಶ್ನೆ. 256 ಅಥವಾ 320 ಕೆಬಿಪಿಎಸ್‌ನಲ್ಲಿ ಮಾಡಿದ ಎಂಪಿ3ಯನ್ನು ವೇವ್‌ನಿಂದ ಗುರುತಿಸುವುದು ಬಹುತೇಕ ಮಂದಿಗೆ ಆಗುವುದಿಲ್ಲ. ನಿಮ್ಮ ಮಗನ ಕೈಯಲ್ಲಿ ಒಂದೇ ಪದವನ್ನು ಎರಡೂ ರೂಪದಲ್ಲಿ, ಯಾವುದೆಂದು ಹೇಳದೆ, ಹತ್ತಾರು ಸಲ ಹಾಕಿಸಿ ನೋಡಿ. ಕಾರಿನಲ್ಲಿ, ತೋಟದಲ್ಲಿ ಕೇಳಲು ಎಂಪಿ3 ಧಾರಾಳ ಸಾಕು. ಅದಕ್ಕಾಗಿ ದುಬಾರಿ ಪ್ಲೇಯರ್ ಕೊಳ್ಳುವ ಅಗತ್ಯವೂ ಇಲ್ಲ.

ಆದರೆ ನಿಮ್ಮ ಕೈಯಲ್ಲಿರುವುದನ್ನು ಕೇಳಿ ಮುಗಿಸಿಬಿಡುವುದಲ್ಲವಲ್ಲ. ನಾಳೆ ಯಾರೋ ಸುಂಯ್ ಸದ್ದನ್ನು ತೆಗೆಯಬೇಕು, ಕರೆಂಟಿನ 50 ಹರ್ಟ್ಸ್ ಗುಂಯ್‌ಕಾರ ತೆಗೆಯಬೇಕು, ನಿಧಾನವಾಗಿ ಓಡಿದ ಟೇಪಿನ ಶ್ರುತಿ ಸರಿಪಡಿಸಬೇಕು. ಎಂಪಿ3ಯಲ್ಲಿ ಅಡಗಿದ್ದ ಕೊರತೆಗಳೆಲ್ಲ ಆಗ ಮೇಲಕ್ಕೆ ಬರುತ್ತವೆ. ಯೂಟ್ಯೂಬಿಗೆ ಹಾಕಿದರೆ ಅವರು ತಮ್ಮ ಲೆಕ್ಕದಲ್ಲಿ ಮತ್ತೊಮ್ಮೆ ಕುಗ್ಗಿಸುತ್ತಾರೆ. ಕುಗ್ಗಿದ್ದನ್ನೇ ಕುಗ್ಗಿಸಿದರೆ ನಷ್ಟದ ಮೇಲೆ ನಷ್ಟ. ಆ ಕಾಲದ ದೊಡ್ಡ ಕಲಾವಿದರೂ ಈಗಿಲ್ಲ. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರು 2006ರಲ್ಲಿ ಹೋದರು. ಮೂಡುಬಿದಿರೆ ಬಳಿ ಮಾರೂರಿನಲ್ಲಿದ್ದ ಬಲಿಪ ನಾರಾಯಣ ಭಾಗವತರು 2023ರ ಫೆಬ್ರವರಿಯಲ್ಲಿ ಹೋದರು. ನಿಮ್ಮ ತಂದೆ ಹಿಡಿದಿಟ್ಟ ಆ ರಾತ್ರಿಯ ಪದ ಬೇರೆ ಯಾರ ಬಳಿಯೂ ಇಲ್ಲದಿರಬಹುದು. ಜಾಗ ಉಳಿಸಲು ಅದರಿಂದ ಒಂದು ಪಾಲು ಎಸೆಯುವುದನ್ನು ನಾನು ಒಪ್ಪಲಾರೆ.

ಸ್ಟುಡಿಯೋದವರಿಗೆ ‘48,000, 24 ಬಿಟ್’ ಎಂದು ಹೇಳಿ. ಧ್ವನಿ ಸಂಗ್ರಹಾಲಯಗಳ ಅಂತರರಾಷ್ಟ್ರೀಯ ಸಂಘ ಕನಿಷ್ಠ ಇಷ್ಟಿರಲಿ ಎನ್ನುತ್ತದೆ, ಅದರ ಒಲವು 96,000ಕ್ಕೆ. ಕ್ಯಾಸೆಟ್ಟಿಗೆ 48,000 ಸಾಕೆಂಬುದು ನನ್ನ ಅಭಿಪ್ರಾಯ. 24 ಬಿಟ್ ಇದ್ದರೆ ಮಟ್ಟವನ್ನು ತುಸು ತಗ್ಗಿಸಿ ಇಳಿಸಬಹುದು, ಚೆಂಡೆಯ ಪೆಟ್ಟಿಗೆ ಧ್ವನಿ ಒಡೆಯುವುದಿಲ್ಲ. 90 ನಿಮಿಷಕ್ಕೆ ಒಂದೂವರೆ ಜಿಬಿ. ನಿಮ್ಮ ನೂರು ಕ್ಯಾಸೆಟ್ಟುಗಳು ಎಲ್ಲವೂ 90 ನಿಮಿಷದವೇ ಆದರೂ 155 ಜಿಬಿ. ಒಂದು ಟಿಬಿ ಡಿಸ್ಕಿನ ಮೂಲೆಯಲ್ಲಿ ಕೂರುತ್ತದೆ. ಇನ್ನು ಮುಂದೆ ಬೆಳಗಿನ ತನಕದ ಆಟವನ್ನು ನೀವೇ ಡಿಜಿಟಲ್ ಆಗಿ ಮುದ್ರಿಸುವುದಾದರೆ ಒಂದು ವಿಷಯ ನೆನಪಿರಲಿ: ಸಾಮಾನ್ಯ ವೇವ್ ಫೈಲು 4 ಜಿಬಿ ಮೀರುವಂತಿಲ್ಲ. ಈ ಗುಣಮಟ್ಟದಲ್ಲಿ ಅದು ನಾಲ್ಕು ಗಂಟೆ ಚಿಲ್ಲರೆಗೆ ತುಂಬುತ್ತದೆ.

ಇಷ್ಟೆಲ್ಲ ಹೇಳಿದರೂ, ಫೈಲಿನ ಬಗೆಗಿಂತ ಹೆಚ್ಚು ಹಾಳು ಮಾಡುವುದು ಟೇಪನ್ನು ಓದುವ ಹೆಡ್ಡಿನ ಕೊಳಕು. ನಮ್ಮ ಮಳೆಗಾಲಕ್ಕೆ ಅಟ್ಟದ ಮೇಲಿನ ಕ್ಯಾಸೆಟ್ಟಿಗೆ ಬೂಷ್ಟು ಹಿಡಿಯದೆ ಇರುವುದಿಲ್ಲ. ಬಿಳಿ ಪುಡಿ ಕಂಡ ಕ್ಯಾಸೆಟ್ಟುಗಳನ್ನು ಬೇರೆ ಇಡಿ, ಹಾಗೇ ಓಡಿಸಬೇಡಿ. ಪ್ರತಿ ಕ್ಯಾಸೆಟ್ಟಿನ ಮೊದಲು ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಲಿ. ಹೆಡ್ಡಿನ ಪಕ್ಕ ಒಂದು ಸಣ್ಣ ಸ್ಕ್ರೂ ಇರುತ್ತದೆ. ಟೇಪಿನ ಮೇಲೆ ಹೆಡ್ ನಿಂತ ಕೋನವನ್ನು ಅದು ಹೊಂದಿಸುತ್ತದೆ. ನಿಮ್ಮ ತಂದೆಯ ರೆಕಾರ್ಡರಿನ ಕೋನವೂ ಸ್ಟುಡಿಯೋದ ಡೆಕ್ಕಿನ ಕೋನವೂ ಒಂದೇ ಇರಬೇಕೆಂದಿಲ್ಲ. ಚಕ್ರತಾಳ ಇರುವ ಜಾಗವನ್ನು ಹಾಕಿ, ಆ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸಿದರೆ ಮಂಕಾಗಿದ್ದ ನಾದ ಒಂದು ಬಿಂದುವಿನಲ್ಲಿ ಥಟ್ಟನೆ ಬಿಚ್ಚಿಕೊಳ್ಳುತ್ತದೆ. ಅಲ್ಲಿ ನಿಲ್ಲಿಸಿ ಇಳಿಸಬೇಕು. ಇದನ್ನು ಮಾಡದ ವೇವ್‌ಗಿಂತ ಮಾಡಿದ ಎಂಪಿ3ಯೇ ಮೇಲು. ಕ್ಯಾಸೆಟ್ಟು ತುರುಕಿದರೆ ನೇರ ಎಂಪಿ3 ಕೊಡುವ ಅಗ್ಗದ ಯಂತ್ರಗಳು ಬಂದಿವೆ, ಅವುಗಳ ಗೊಡವೆ ಬೇಡ.

ಪೆನ್‌ಡ್ರೈವ್ ಒಂದನ್ನೇ ನಂಬಬೇಡಿ. ಎರಡು ಹಾರ್ಡ್ ಡಿಸ್ಕುಗಳಲ್ಲಿ, ಎರಡು ಮನೆಗಳಲ್ಲಿ ಇರಲಿ. ಜೈನರ ಧವಲ ಗ್ರಂಥಗಳ ತಾಳೆಗರಿಗಳು ಶತಮಾನಗಳ ಕಾಲ ಮೂಡುಬಿದಿರೆಯಲ್ಲಿ ಮಾತ್ರ ಉಳಿದಿದ್ದವು, ಅಚ್ಚಿಗೆ ಬರತೊಡಗಿದ್ದು 1939ರಲ್ಲಿ. ಒಂದೇ ಜಾಗದಲ್ಲಿದ್ದೂ ಅವು ಉಳಿದದ್ದು ಕಾದವರ ಶ್ರದ್ಧೆಯಿಂದ. ಡಿಸ್ಕುಗಳಿಗೆ ಅಂಥ ಆಯಸ್ಸಿಲ್ಲ, ಐದಾರು ವರ್ಷಕ್ಕೊಮ್ಮೆ ಹೊಸತಕ್ಕೆ ನಕಲು ಮಾಡಲೇಬೇಕು.

ಕೊನೆಗೆ ಉಳಿಸುವುದು ವೇವ್ ಆಗಿಯೋ ಫ್ಲ್ಯಾಕ್ ಆಗಿಯೋ ಎಂದರೆ, ಫ್ಲ್ಯಾಕ್. ಮೇಳ, ಪ್ರಸಂಗ, ಊರು, ತಾರೀಕು, ಭಾಗವತರು, ಚೆಂಡೆ ಮದ್ದಳೆಯವರು, ಪಾತ್ರಧಾರಿಗಳು ಎಲ್ಲವನ್ನೂ ಫೈಲಿನ ಒಳಗೇ ಕನ್ನಡದಲ್ಲಿ ಬರೆದಿಡಬಹುದು. ವೇವ್‌ನಲ್ಲಿ ಈ ಅನುಕೂಲ ಅಷ್ಟಕ್ಕಷ್ಟೆ. ಕ್ಯಾಸೆಟ್ಟಿನ ರಟ್ಟಿನ ಮೇಲೆ ತಂದೆಯವರು ಬರೆದದ್ದನ್ನು ಫೋಟೋ ತೆಗೆದು ಅದರೊಳಗೇ ಸೇರಿಸಿ. ಬಂಧುಗಳಿಗೆ ವಾಟ್ಸ್ಯಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿ, ಇದ್ದ ಹಾಗೇ ತಲುಪುತ್ತದೆ. ಈಗಾಗಲೇ ಎಂಪಿ3 ಆಗಿ, ಮೂಲ ಕ್ಯಾಸೆಟ್ಟು ಕಳೆದುಹೋದವು ಇದ್ದರೆ ಅವನ್ನು ಎಂಪಿ3 ಆಗಿಯೇ ಇಡಿ. ವೇವ್ ಮಾಡಿದರೆ ಫೈಲು ದೊಡ್ಡದಾಗುತ್ತದೆ ಹೊರತು ಹೋದ ಧ್ವನಿ ಬರುವುದಿಲ್ಲ. ಟೇಪು ತುಂಡಾದ ಕ್ಯಾಸೆಟ್ಟುಗಳನ್ನು ಮಾತ್ರ ಎಸೆಯಬೇಡಿ. ಅವನ್ನು ಅಂಟಿಸಿ ಓಡಿಸಬಹುದು, ತುಂಡಾದ ಜಾಗದಲ್ಲಿ ಹೋಗುವುದು ಅರೆಕ್ಷಣದಷ್ಟು ಪದ ಮಾತ್ರ.